ಆಸ್ಪ್ರೀನಿಯೊ ತೋಟಕ್ಕೊಬ್ಬ ಅಳಿಯ

ಬೆಳಗ್ಗೆ ಎದ್ದು ನೋಡಿದರೆ ಮಗಳ ಕಿಟಕಿಗೆ ಏಣಿ ಒರಗಿತ್ತು. ಸಬಾಟೀನೊಗೆ ಎಲ್ಲ ಅರ್ಥವಾಯಿತು. ಅರ್ಥವಾಗದ ವಿಷಯಗಳು ಅವನಿಗೆ ಮೊದಲಿಂದಲೂ ಕಡಿಮೆ.

ಅವೆರ್ಸಾ ಊರಿನ ಸುತ್ತ ದ್ರಾಕ್ಷಿ ಬಳ್ಳಿ ಪಾಪ್ಲರ್ ಮರವನ್ನು ತಬ್ಬಿಕೊಂಡು ಮುಗಿಲಿಗೇರುತ್ತದೆ. ಅದರಿಂದ ಬರುವುದು ಆಸ್ಪ್ರೀನಿಯೊ, ಸಿಹಿಯ ಸುಳಿವೇ ಇಲ್ಲದ ಬಿಳಿ ವೈನ್. ಕುಡಿದವರದು ನಿಂಬೆ ಕಚ್ಚಿದ ಅತ್ತೆಯ ಮುಖ. ಹಿಂದೆ ಈ ಸೀಮೆಯನ್ನಾಳಿದ ಫ್ರೆಂಚ್ ರಾಜನ ಉಗ್ರಾಣಿ ಮೊದಲ ಬಳ್ಳಿ ನೆಟ್ಟದ್ದು ತನ್ನ ತೋಟದಲ್ಲೇ ಎನ್ನುತ್ತಿದ್ದ ಸಬಾಟೀನೊ. ಪಕ್ಕದ ತೋಟದ ಕ್ರೆಶೆಂಜೊನೂ ಹಾಗೇ ಎನ್ನುತ್ತಿದ್ದ; ಉಳಿದವರೂ ಅಷ್ಟೆ. ಪಾಪ, ಉಗ್ರಾಣಿ ನೆಟ್ಟು ನೆಟ್ಟೇ ಸತ್ತಿರಬೇಕು.

ಇಲ್ಲಿ ಕೊಯ್ಲಿನ ಏಣಿಯನ್ನು ಹತ್ತುವವರ ಕಾಲಿನ ಅಳತೆಗೇ ಮಾಡುತ್ತಾರೆ. ಮೆಟ್ಟಿಲಿಗೆ ಮೊಣಕಾಲು ಸಿಕ್ಕಿಸಿದರೆ ಎರಡೂ ಕೈ ಹಣ್ಣಿಗೆ. ಬೇರೆಯವರ ಏಣಿ ಹತ್ತಿದರೆ ನೇರ ನೆಲಕ್ಕೆ.

"ಯಾರಿಗೋ ಇದನ್ನ ಮಾಡಿಕೊಟ್ಟಿದ್ದು?" ಸಬಾಟೀನೊ ಬಡಗಿ ಬ್ಯಾಜೊನ ಕೊರಳಪಟ್ಟಿ ಹಿಡಿದ.

"ನಾನು ನೋಡೋದು ಮೊಣಕಾಲು, ಯಜಮಾನ್ರೇ. ಮುಖ ನೋಡೋಕೆ ಪಾದ್ರಿ ಇದ್ದಾರೆ."

ಸಬಾಟೀನೊ ಊರ ಗಂಡಸರನ್ನೆಲ್ಲ ಅಂಗಳಕ್ಕೆ ಕರೆಸಿ, ಪಾದ್ರಿಯ ರಾಗದಲ್ಲೇ ಗುಡುಗಿದ: "ಸಂತ ಪಾವೊಲೊನಾಣೆ! ಈ ಏಣಿ ಯಾರಿಗೆ ಸರಿಹೊಂದುತ್ತೋ ಅವರಿಗೇ ನನ್ನ ತೋಟ! ಮದುವೆಯಾಗಿ ಮಗಳ ಮಾನ ಉಳೀಬೇಕಲ್ಲ!"

ಮಾನಕ್ಕಿಂತ ತೋಟ ದೊಡ್ಡದು. ಆ ಬೀದಿಗೇ ತಲೆ ಹಾಕದವರೂ "ತಪ್ಪು ನನ್ನದೇ" ಎಂದು ಎದೆ ಬಡಿದುಕೊಳ್ಳುತ್ತ ಸಾಲು ನಿಂತರು. ಊರುಗೋಲು ಹಿಡಿದ ವಿಧುರನೊಬ್ಬ ಎಲ್ಲರಿಗಿಂತ ಜೋರಾಗಿ ಪಶ್ಚಾತ್ತಾಪಪಟ್ಟ.

ಮಗಳು ಕಾರ್ಮೊಸೀನ ಬಾಗಿಲಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದಳು. ಅಳುತ್ತಿರಲಿಲ್ಲ. ನಾಚಿಕೆಗೆ ಕಣ್ಣೀರೂ ಬತ್ತಿದೆ ಎಂದುಕೊಂಡ ಅಪ್ಪ.

"ಯಾರೇ ಅವನು? ಹೇಳು!"

"ಹೇಳಿದ್ರೆ ನಂಬಲ್ಲ ನೀನು. ಹತ್ತಿಸಿಯೇ ನೋಡಪ್ಪಾ."

ಕ್ರೆಶೆಂಜೊ ಮುಂದೆ ಬಂದ. "ಏಣಿ ಗಟ್ಟಿಯಾಗಿ ಹಿಡ್ಕೊಳ್ಳಿ, ಮಾವಾ."

"ಮಾವ ಅಂದ್ರೆ ಹಲ್ಲು ಉದುರುತ್ತೆ!"

ಹಲ್ಲು ಉದುರಲಿಲ್ಲ, ಅರ್ಧ ದಾರಿಯಲ್ಲಿ ಕ್ರೆಶೆಂಜೊನೇ ಉದುರಿದ. ಉದ್ದ ಕಾಲಿನವರು ಮೆಟ್ಟಿಲಲ್ಲಿ ಸಿಕ್ಕಿಕೊಂಡರು, ಗಿಡ್ಡ ಕಾಲಿನವರು ಜೋತಾಡಿದರು. ವಿಧುರನನ್ನು ನಾಲ್ವರು ಇಳಿಸಬೇಕಾಯಿತು.

"ಮುಗೀತು," ಸಬಾಟೀನೊ ತಲೆ ಹಿಡಿದು ಕೂತ. "ಇನ್ಯಾರೂ ಉಳಿದಿಲ್ಲ."

"ಒಬ್ರನ್ನ ಬಿಟ್ಟಿದ್ದೀಯ."

ಕಾರ್ಮೊಸೀನ ಬಟಾಣಿ ಬುಟ್ಟಿ ಕೆಳಗಿಟ್ಟಳು. ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಕಾಲಿಡುವ ಕಡೆ ನೋಡದೆಯೇ ಸರಸರನೆ ಸೂರಿನವರೆಗೂ ಹತ್ತಿ, ಮೊಣಕಾಲು ಸಿಕ್ಕಿಸಿ, ಎರಡೂ ಕೈ ಬಿಟ್ಟಳು.

"ನಾಳೆಯಿಂದ ನನ್ನ ತೋಟದಲ್ಲಿ ಕೊಯ್ಲು. ಬುಟ್ಟಿ ಹೊರೋಕೆ ಯಾರ್ಯಾರು ಬರ್ತೀರ?"