ನದಿ ದಂಡೆಯ ಚಿರತೆ

ಅವತ್ತು ನದಿ ದಂಡೆಯಲ್ಲಿ ನಾನು ಯಾವ ಚಿರತೆಯನ್ನೂ ನೋಡಿಲ್ಲ. ಇದನ್ನು ಡೈರಿಗೆ ಬಿಟ್ಟು ಇನ್ಯಾರಿಗೂ ಹೇಳುವ ಧೈರ್ಯ ನನಗಿಲ್ಲ.

ವಾಕಿಂಗಿನ ನೆಪದಲ್ಲಿ ದೊಡ್ಡಮ್ಮ ದಿನಾ ಬೆಳಿಗ್ಗೆ ನನ್ನನ್ನು ಅಲ್ಲಿಗೆ ಎಳೆದೊಯ್ದು, ಮದುವೆ ವಯಸ್ಸಿನ ಗಂಡುಮಕ್ಕಳಿರುವ ತಾಯಂದಿರ ಮುಂದೆಲ್ಲ ನಿಲ್ಲಿಸುತ್ತಿದ್ದರು.

"ಎಂ.ಎ. ಆಗಿದೆ ಕಣ್ರೀ. ಮಾತು ಕಮ್ಮಿ, ಹಲ್ಲು ನೆಟ್ಟಗಿವೆ."

ಹದಿನೇಳನೇ ತಾಯಿಯ ಎದುರು ನಾನು ಪೊದೆಯತ್ತ ಕೈ ತೋರಿಸಿ "ಚಿರತೆ!" ಎಂದು ಕಿರುಚಿಬಿಟ್ಟೆ. ದಾರಿ ಬಂದ್ ಆಯಿತು. ಅರಣ್ಯ ಇಲಾಖೆಯವರು ಬೋನು ಇಟ್ಟರು. ಒಂದು ವಾರ ನಾನು ಎಂಟು ಗಂಟೆಯವರೆಗೆ ಹಾಯಾಗಿ ಮಲಗಿದೆ.

ಇವತ್ತು ನೋಡಿದರೆ ಬೋನಿನೊಳಗೆ ನಿಜವಾದ ಚಿರತೆ! ಊರಿನವರೆಲ್ಲ ಬಗ್ಗಿ ಬಗ್ಗಿ ಅದರ ಹಲ್ಲು ನೋಡುತ್ತಿದ್ದರು.

"ಅವತ್ತು ನೀನು ನೋಡಿದ್ದು ಇದನ್ನೇ ತಾನೇನಮ್ಮಾ?" ಎಂದು ಫಾರೆಸ್ಟರ್ ಕೇಳಿದರು. "ಹೌದಂದ್ರೆ ನಾಳೆಯಿಂದ ದಾರಿ ತೆಗೀತೀವಿ. ಅಲ್ಲಾಂದ್ರೆ ಇನ್ನೊಂದು ಬೋನು ಇಡಬೇಕು, ಇನ್ನೂ ಒಂದು ತಿಂಗಳು ಬಂದ್."

"ಹೌದು ಅನ್ನೇ!" ದೊಡ್ಡಮ್ಮ ಸೊಂಟಕ್ಕೆ ತಿವಿದರು. "ನಾಳೆ ಹಲ್ಲಿನ ಡಾಕ್ಟ್ರ ತಾಯಿ ಬರ್ತಾರೆ."

ಚಿರತೆ ನನ್ನನ್ನೇ ನೋಡಿತು. ನಾನು ಎಲ್ಲರಿಗೂ ಕೇಳುವ ಹಾಗೆ ನಿಜವನ್ನೇ ಹೇಳಿದೆ:

"ಇಲ್ಲ ಸಾರ್. ಅವತ್ತು ಇದನ್ನ ನಾನು ನೋಡೇ ಇಲ್ಲ."