ಬೆನ್ನ ಹಿಂದಿನ ಗುಳ್ಳೆಗಳು

ಅವನ ಬಳಿ ಮೀನಿನ ಮುಖದ ಒಂದೂ ಫೋಟೊ ಇರಲಿಲ್ಲ. ಇದ್ದದ್ದೆಲ್ಲ ಬಾಲಗಳೇ. ನೀರಿನಡಿ ಅವನು ಉಸಿರು ಬಿಟ್ಟಾಗಲೆಲ್ಲ ಬಾಯಿಯ ಮುಂದೆ ಗುಳ್ಳೆಗಳು ಬುಳಬುಳನೆ ಎದ್ದು ಮೀನುಗಳು ಓಡುತ್ತಿದ್ದವು.

"ತಿಮಿಂಗಿಲ ಶಾರ್ಕ್ ಬಂದ್ರೂ ನಿಂಗೆ ಬಾಲವೇ ಗತಿ," ಎಂದು ಜೊತೆಗೆ ಧುಮುಕುವ ಗೆಳತಿ ಅಣಕಿಸುತ್ತಿದ್ದಳು. ಮೈತುಂಬ ಚುಕ್ಕೆಗಳಿರುವ, ಬಸ್ಸಿನಷ್ಟು ದೊಡ್ಡ ಆ ಮೀನಿಗಾಗಿಯೇ ಇಬ್ಬರೂ ಐದು ವರ್ಷಗಳಿಂದ ನೇತ್ರಾಣಿ ದ್ವೀಪಕ್ಕೆ ಬರುತ್ತಿದ್ದರು.

ಈ ಸಲ ಅವನು ಸಿಲಿಂಡರಿನ ಗಾಳಿಯನ್ನು ಬಾಯಿಗೆ ತರುವ, ಹಳೇ ಕಾಲದ ರೆಗ್ಯುಲೇಟರ್ ಒಂದನ್ನು ಹುಡುಕಿ ರಿಪೇರಿ ಮಾಡಿಸಿ ತಂದಿದ್ದ. ಬಾಯಿಯ ಎರಡೂ ಬದಿಯಿಂದ ದಪ್ಪ ರಬ್ಬರ್ ಕೊಳವೆಗಳು ಹೆಗಲ ಮೇಲೆ ಹಾದು ಬೆನ್ನಿನ ಸಿಲಿಂಡರಿಗೆ ಸೇರುತ್ತಿದ್ದವು.

"ಎಂತ ಮಾರಾಯ, ಎರಡು ಸೊಂಡಿಲಿನ ಆನೆಯ ಹಾಗೆ ಕಾಣ್ತಿ!"

"ನಗಾಡು ನಗಾಡು. ಇದ್ರಲ್ಲಿ ಗುಳ್ಳೆ ಎಲ್ಲ ಬೆನ್ನ ಹಿಂದೆ ಹೋಗ್ತದೆ. ಮುಂದೆ ಒಂದು ಸದ್ದಿಲ್ಲ. ನೀನು ಹಿಂದಿಂದ ಬಾ."

ಅವನು ಹೇಳಿದ್ದು ನಿಜವಾಗಿತ್ತು. ಬಂಡೆಯ ಪಕ್ಕ ಒಂದು ಗಿಳಿಮೀನು ಅವನ ಮುಖದ ಹತ್ತಿರವೇ ಬಂದು ನಿಂತು ದಿಟ್ಟಿಸಿತು. ಅವನು ಫೋಟೊ ಮೇಲೆ ಫೋಟೊ ತೆಗೆದ. ಹಿಂದಿನಿಂದ ಗೆಳತಿ ಕಾಲು ಹಿಡಿದು ಎಳೆದಳು. ಕೊಡವಿಕೊಂಡ. ಮತ್ತೆ ಎಳೆದಳು. ಅವನು ತಿರುಗಲಿಲ್ಲ.

ದೋಣಿ ಹತ್ತಿದ್ದೇ ಕ್ಯಾಮೆರಾ ಚಾಚಿದ. "ನೋಡು, ಎದುರಿಗೇ ಮುಖ! ಹಲ್ಲು ಸಹ ಕಾಣ್ತದೆ!"

"ಚಂದ ಉಂಟು. ಕಾಲು ಎಳೆದದ್ದು ಯಾಕೆ ಅಂತ ಈಗ ನಂದ್ರಲ್ಲಿ ನೋಡು."

ಅವಳ ಫೋಟೊದ ತುಂಬ ಅವನ ಬೆನ್ನಿನಿಂದ ಎದ್ದ ಗುಳ್ಳೆಗಳಿದ್ದವು. ಅವುಗಳಾಚೆ, ಅವನ ತಲೆಯ ಮೇಲಿನಿಂದ ಬೆದರಿ ತಿರುಗಿ ಹೋಗುತ್ತಿದ್ದ ಚುಕ್ಕೆಚುಕ್ಕೆಯ ಭಾರಿ ಬಾಲ.

ಒಟ್ಟು ನಷ್ಟ, ಐದು ವರ್ಷ ಕಾದಿದ್ದ ಒಂದು ಮುಖ.