ಒಂದು ಎರಡಾದಾಗ

ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲು ಶಶಿಪ್ರಭಾಳಿಗೆ ಧೈರ್ಯವಾಗಲಿಲ್ಲ. ಬದನೆ ಎಲೆಯ ಜೀವಕೋಶಗಳ ಗೋಡೆ ಕರಗಿಸಿ, ಒಡೆದವುಗಳ ನಡುವಿನಿಂದ ಜೀವಂತವಾದವನ್ನು ಕೂದಲೆಳೆಯಂಥ ಗಾಜಿನ ನಳಿಗೆಯಲ್ಲಿ ಹೀರಿ ಬೇರ್ಪಡಿಸಿ ವಾರವಾಗಿತ್ತು. 1984ರಲ್ಲಿ ವರ್ಷವಿಡೀ ಹೀಗೆ ಆರಿಸಿದವೆಲ್ಲ ಸತ್ತಿದ್ದವು. ಇವೂ ಸತ್ತರೆ ಸಂಶೋಧನೆಯ ವಿಷಯ ಬದಲಿಸಬೇಕೆಂದು ಮಾರ್ಗದರ್ಶಕ ತಾರಾನಾಥ ಶೆಟ್ಟರು ಹೇಳಿಬಿಟ್ಟಿದ್ದರು.

"ಎಂತ ಉಂಟು?" ಕಾಲೇಜಿನ ಪ್ರಯೋಗಾಲಯದ ಬಾಗಿಲಲ್ಲಿ ನಿಂತು ಶೆಟ್ಟರು ಕೇಳಿದರು.

"ನೀವೇ ನೋಡಿ ಸರ್. ನನಗೆ ನಂಬಲಿಕ್ಕೆ ಆಗುವುದಿಲ್ಲ."

ಶೆಟ್ಟರು ಕನ್ನಡಕ ತೆಗೆದು ಬಾಗಿದರು. ದುಂಡಗಿನ ಹಸಿರು ಕೋಶದ ನಡುವೆ ತೆಳ್ಳನೆಯ ಗೆರೆಯೊಂದು ಮೂಡಿ, ಅದು ಬೆಳೆಯತೊಡಗಿ ಎರಡಾಗಿತ್ತು. ಪಕ್ಕದಲ್ಲಿ ಇನ್ನೊಂದೂ ಹಾಗೆಯೇ.

"ಬದುಕಿತು ಮಾರಾಯ್ತಿ!" ಅವರ ಕೂಗು ಹೊರಗೆ ಕೊಡಿಯಾಲ್‌ಬೈಲಿನ ರಸ್ತೆಯಲ್ಲಿ ಓಡುವ ಬಸ್ಸುಗಳ ಹಾರನ್ನಿಗಿಂತ ಜೋರಾಗಿತ್ತು. ಪಕ್ಕದ ತರಗತಿಯವರೆಲ್ಲ ಓಡಿಬಂದಾಗ ಶಶಿಪ್ರಭಾ ನಗುತ್ತಲೇ ಅಳುತ್ತಿದ್ದಳು. ಶೆಟ್ಟರು ಮಾತ್ರ ಯಾರಿಗೂ ಜಾಗ ಬಿಡದೆ ನೋಡುತ್ತಲೇ ಇದ್ದರು.